ಕೂಡಿ ದುಡಿದಾಗ ಹುಟ್ಟುವ ಹೆಚ್ಚಳ ಯಾರ ಲೆಕ್ಕಕ್ಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಲವರು ಸೇರಿ ದುಡಿಯುವುದಕ್ಕೂ ವಸ್ತುವಿನ ಮೌಲ್ಯಕ್ಕೂ ಏನು ಸಂಬಂಧ, ಬಂಡವಾಳಶಾಹಿಯ ಟೀಕಾಕಾರರು ಈ ಬಗ್ಗೆ ಏನು ಹೇಳುತ್ತಾರೆ ಎಂಬ ವಿಷಯಕ್ಕೆ ಈ ಸಲ ಪ್ರಶ್ನೆ ಕರೆದಿದ್ದೆವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಬೈಗುಳದ ಎರಡು ಪತ್ರಗಳನ್ನು ಬದಿಗಿಟ್ಟಿದ್ದೇವೆ.

ಪ್ರಶ್ನೆ: ಮಾಲೀಕ ಹತ್ತು ಜನಕ್ಕೂ ಅವರವರ ಕೂಲಿ ಸರಿಯಾಗಿ ಕೊಟ್ಟ ಮೇಲೆ ಇನ್ನೇನು ಬಾಕಿ ಉಳಿಯಿತು? ‘ಸಹಕಾರದ ಫಲವನ್ನು ಬಂಡವಾಳ ನುಂಗುತ್ತದೆ’ ಎಂಬುದು ಬರೀ ಘೋಷಣೆಯಲ್ಲವೇ?
— ಪದವಿ ವಿದ್ಯಾರ್ಥಿ, ಹಾಸನ

ಮೊದಲು ಪದದ ತೊಡಕು ಬಿಡಿಸಿಕೊಳ್ಳೋಣ. ನಮ್ಮಲ್ಲಿ ‘ಸಹಕಾರ’ ಎಂದ ಕೂಡಲೇ ಕಣ್ಣಿಗೆ ಬರುವುದು ಸೊಸೈಟಿ, ಷೇರು, ಚುನಾವಣೆ. ಈ ಚರ್ಚೆಯಲ್ಲಿ ಅದರ ಅರ್ಥ ತುಂಬಾ ಸಣ್ಣದು: ಹಲವರು ಒಂದು ಏರ್ಪಾಡಿನಲ್ಲಿ ಸೇರಿ ದುಡಿಯುವುದು, ಅಷ್ಟೇ. ಇಷ್ಟಪಟ್ಟು ಸೇರಿದರೋ ಹೊಟ್ಟೆಪಾಡಿಗೆ ಸೇರಿದರೋ, ಅದು ಬೇರೆ ಮಾತು. ಇಲ್ಲಿ ನಾವು ‘ಕೂಡುದುಡಿಮೆ’ ಎನ್ನುತ್ತೇವೆ. ‘ಸಹಕಾರ’ವನ್ನು ಸಂಘಗಳಿಗೇ ಬಿಡೋಣ.

ನಿಮ್ಮ ಪ್ರಶ್ನೆಯನ್ನು 1840ರಲ್ಲೇ ಫ್ರಾನ್ಸಿನ ಚಿಂತಕ ಪ್ರೂಧೋನ್ ಎತ್ತಿದ್ದ. ಅದಕ್ಕೆ ನಾಲ್ಕು ವರ್ಷ ಮುಂಚೆ, 1836ರ ಅಕ್ಟೋಬರ್ 25ರಂದು, ಈಜಿಪ್ಟಿನ ಲಕ್ಸರ್‌ನಿಂದ ತಂದಿದ್ದ ಸುಮಾರು 23 ಮೀಟರ್ ಎತ್ತರದ, 200 ಟನ್ನಿಗೂ ಮಿಕ್ಕಿ ತೂಗುವ ಏಕಶಿಲಾ ಸ್ತಂಭವನ್ನು ಪ್ಯಾರಿಸ್ಸಿನ ಕಾಂಕಾರ್ಡ್ ಚೌಕದಲ್ಲಿ ನಿಲ್ಲಿಸಿದ್ದರು. ಪ್ರೂಧೋನ್ ಕೇಳಿದ್ದು ಇಷ್ಟು: 200 ಸೈನಿಕರು ಕೆಲವೇ ಗಂಟೆಯಲ್ಲಿ ಇದನ್ನು ಎಬ್ಬಿಸಿ ನಿಲ್ಲಿಸಿದರು. ಒಬ್ಬನೇ 200 ದಿನ ಜಗ್ಗಿದ್ದರೆ ನಿಲ್ಲುತ್ತಿತ್ತೇ? ಕೂಲಿಯ ಪುಸ್ತಕದಲ್ಲಿ ಎರಡೂ ಒಂದೇ, 200 ದಿನಗೂಲಿ. ಕಲ್ಲಿನ ಮಟ್ಟಿಗೆ ಮಾತ್ರ ಒಂದರಲ್ಲಿ ಕಂಬ ನಿಂತಿದೆ, ಇನ್ನೊಂದರಲ್ಲಿ ಮಲಗಿದೆ. ತೇರಿನ ಹಗ್ಗ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ಎಷ್ಟು ದಿನ ಎಳೆದರೂ ಗಾಲಿ ಬೆರಳಗಲ ಕದಲುವುದಿಲ್ಲ. ಆ ‘ಕೂಡಿದ ಬಲ’ಕ್ಕೆ ಯಾರೂ ಕೂಲಿ ಕೊಟ್ಟಿಲ್ಲ, ಮಾಲೀಕ ಅದನ್ನು ಬಿಟ್ಟಿ ಇಟ್ಟುಕೊಂಡ ಎಂಬುದು ಪ್ರೂಧೋನನ ವಾದ.

ಕಾರ್ಲ್ ಮಾರ್ಕ್ಸ್ 1867ರಲ್ಲಿ ‘ಕ್ಯಾಪಿಟಲ್’ ಪುಸ್ತಕದಲ್ಲಿ ಇದೇ ಸಂಗತಿ ಹಿಡಿದರೂ ಆರೋಪ ಬದಲಿಸಿದ. ಅವನ ಪ್ರಕಾರ ಇಲ್ಲಿ ವ್ಯಾಪಾರದ ಲೆಕ್ಕದಲ್ಲಿ ಮೋಸವೇ ಆಗಿಲ್ಲ. ಕೆಲಸ ಕೇಳಿಕೊಂಡು ಗೇಟಿನ ಹತ್ತಿರ ಬರುವಾಗ ಒಬ್ಬೊಬ್ಬರೂ ಬೇರೆ ಬೇರೆ. ಪ್ರತಿಯೊಬ್ಬರೂ ತಮ್ಮೊಬ್ಬರ ದುಡಿಯುವ ಶಕ್ತಿಯನ್ನು ಮಾರುತ್ತಾರೆ, ಅದಕ್ಕೆ ಬೆಲೆಯೂ ಸಿಗುತ್ತದೆ. ಅವರು ಒಬ್ಬರಿಗೊಬ್ಬರು ಕೂಡಿಕೊಳ್ಳುವುದು ಗೇಟಿನ ಒಳಗೆ. ಅಷ್ಟು ಹೊತ್ತಿಗೆ ಆ ದಿನ ಅವರದ್ದಲ್ಲ, ಕೊಂಡವನದ್ದು. ಹಾಗಾಗಿ ಕೂಡಿದ ಬಲ ಎಂಬುದು ಬಂಡವಾಳದ್ದೇ ಗುಣ ಎಂಬಂತೆ ಕಾಣುತ್ತದೆ. ನೂರು ಜನರನ್ನು ಕೊಂಡವನು ನೂರು ಬಿಡಿ ಶಕ್ತಿಗಳಿಗೆ ಹಣ ಕೊಟ್ಟ. ನೂರರ ಕೂಟಕ್ಕೆ ಕೊಡಲಿಲ್ಲ, ಕಾನೂನಿನಂತೆ ಕೊಡಬೇಕಾಗಿಯೂ ಇರಲಿಲ್ಲ. ನಮ್ಮ ಮಟ್ಟಿಗೆ ಪ್ರೂಧೋನನ ಉದಾಹರಣೆ ಮೇಲು, ಮಾರ್ಕ್ಸನ ವಿವರಣೆ ಮೇಲು. ಕಳ್ಳತನ ಎಂದು ಕೂಗಿದರೆ ‘ಒಪ್ಪಂದ ಓದಿದ್ದೀಯಾ?’ ಎಂದು ಬಾಯಿ ಮುಚ್ಚಿಸಬಹುದು. ಒಪ್ಪಂದ ಸರಿಯಾಗಿದ್ದೂ ಹೀಗಾಗುತ್ತದೆ ಎಂದರೆ ಉತ್ತರ ಕೊಡುವುದು ಕಷ್ಟ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ತೋಳು ಜೋಡಿಸುವ ಆಪರೇಟರ್. ಒಂದು ಪೀಸಿಗೆ 50 ಸೆಕೆಂಡ್ ಸಾಕು, ಗಂಟೆಗೆ 72 ನನ್ನ ಕೈಲಿ ಆಗುತ್ತೆ. ಆದರೆ ಲೈನ್ 60ರಲ್ಲೇ ನಿಲ್ಲುತ್ತೆ, ಇನ್ಸೆಂಟಿವ್ ಕೂಡ 60ರ ಲೆಕ್ಕಕ್ಕೇ. ನನ್ನ 12 ಎಲ್ಲಿ ಹೋಯ್ತು ಸರ್?
— ಪೀಣ್ಯ, ಬೆಂಗಳೂರು

ಇಡೀ ಚರ್ಚೆಯ ತಿರುಳು ನಿಮ್ಮ ಪ್ರಶ್ನೆಯಲ್ಲೇ ಇದೆ, ಮೇಡಂ. ನಿಜವಾದ ಲೈನಿನಲ್ಲಿ ಮೂವತ್ತು ನಲವತ್ತು ಮಂದಿ ಇರುತ್ತಾರೆ. ಲೆಕ್ಕ ಕಾಣಲೆಂದು ಐದಕ್ಕೆ ಇಳಿಸೋಣ. ಕಾಲರ್ 60 ಸೆಕೆಂಡ್, ತೋಳು 50, ಸೈಡ್ 45, ಕಫ್ 55, ಬಾಟಮ್ ಮಡಿಕೆ 40. ಒಟ್ಟು 250 ಸೆಕೆಂಡ್, ಐದು ಜನ.

ನಿಮ್ಮ ಹಿಂದೆ ಕೂತಿರುವ ಕಾಲರ್ ಆಪರೇಟರ್ ಕೈಯಿಂದ ನಿಮಿಷಕ್ಕೆ ಒಂದೇ ಪೀಸ್ ಬರುತ್ತದೆ. ಅಂದರೆ ನಿಮ್ಮ ಮುಂದೆ ಬೀಳುವುದೇ ಗಂಟೆಗೆ 60. ಪ್ರತಿ ಪೀಸಿಗೂ ನೀವು 10 ಸೆಕೆಂಡ್ ಖಾಲಿ ಕೂರುತ್ತೀರಿ, ಅಥವಾ ಖಾಲಿ ಕೂತಂತೆ ಕಾಣದಿರಲೆಂದು ನಿಧಾನ ಮಾಡುತ್ತೀರಿ. ನಿಮ್ಮ 12 ಎಲ್ಲಿಗೂ ಹೋಗಲಿಲ್ಲ. ಅವು ಹುಟ್ಟಲೇ ಇಲ್ಲ. ಲೈನಿನ ವೇಗ ಎಂದರೆ ಅತಿ ನಿಧಾನದ ಜಾಗದ ವೇಗ.

ಈಗ ಕಾಲರ್‌ನವರು ಮಾಡುತ್ತಿದ್ದ ದಾರ ಕತ್ತರಿಸುವ ಕೆಲಸ, ಒಂದು 5 ಸೆಕೆಂಡಿನದ್ದು, ನಿಮಗೆ ವರ್ಗಾಯಿಸಿದರು ಎನ್ನಿ. ಕಾಲರ್ 55, ತೋಳು 55, ಕಫ್ ಮೊದಲೇ 55. ಲೈನ್ ಗಂಟೆಗೆ 65ಕ್ಕೆ ಏರುತ್ತದೆ. ಹೊಸ ಮಿಷನ್ ಇಲ್ಲ, ಹೊಸ ಆಳಿಲ್ಲ, 8 ಗಂಟೆಗೆ 40 ಷರ್ಟು ಹೆಚ್ಚು. ಈ 40 ಯಾರ ಕೈಯ ಕೆಲಸ? ಯಾರ ಒಬ್ಬರದ್ದೂ ಅಲ್ಲ, ಐವರ ನಡುವಿನ ಹೊಂದಾಣಿಕೆಯದ್ದು. ಕೂಡುದುಡಿಮೆಯ ಫಲ ಎಂದರೆ ಇದೇ. ಟಾರ್ಗೆಟ್ ಬೋರ್ಡಿನಲ್ಲಿ ಮಾರನೇ ದಿನ 65 ಬರೆದು, ಇನ್ಸೆಂಟಿವ್ ಅಲ್ಲಿಂದ ಮೇಲಕ್ಕೆ ಎಂದರೆ, ಆ 40 ಯಾರ ಪಾಲಾಯಿತು ಎಂದು ನಿಮಗೇ ಗೊತ್ತು.

ಒಂದು ರಜೆ ಏನು ಮಾಡುತ್ತದೆ ನೋಡಿ. ಹಳೆಯ ಲೈನಿನಲ್ಲಿ ಒಬ್ಬರು ಬರಲಿಲ್ಲ. ಐವರಿಗೂ ಎಲ್ಲ ಕೆಲಸ ಬರುತ್ತದೆ ಎಂದುಕೊಳ್ಳೋಣ. ಎರಡು ಕೆಲಸ ಒಬ್ಬರಿಗೆ ಕಟ್ಟಬೇಕು. ಕಡಿಮೆ ನಷ್ಟದ ಜೋಡಿ ಸೈಡ್ ಮತ್ತು ಬಾಟಮ್, 45 ಮತ್ತು 40, ಅಂದರೆ 85 ಸೆಕೆಂಡ್. ಲೈನ್ ಗಂಟೆಗೆ 42ಕ್ಕೆ ಕುಸಿಯುತ್ತದೆ. ಐದರಲ್ಲಿ ಒಬ್ಬರು ಕಡಿಮೆಯಾದರೆ ಐದನೇ ಒಂದು ಪಾಲು ಕಡಿಮೆಯಾಗಬೇಕು ಎನಿಸುತ್ತದೆ. ಹೋದದ್ದು 18, ನೂರಕ್ಕೆ 30.

ಇಲ್ಲಿ ಅರ್ಥಶಾಸ್ತ್ರದ ಒಂದು ಹಳೆಯ ವಾದ ಎಡವುತ್ತದೆ. ಕೆಲಸಗಾರ ಹೋದರೆ ಉತ್ಪಾದನೆ ಎಷ್ಟು ಇಳಿಯುತ್ತದೋ ಅಷ್ಟು ಅವನ ಕೊಡುಗೆ, ಪೈಪೋಟಿ ಇರುವ ಮಾರುಕಟ್ಟೆಯಲ್ಲಿ ಕೂಲಿ ಆ ಮಟ್ಟಕ್ಕೇ ಬಂದು ನಿಲ್ಲುತ್ತದೆ ಎಂದು ಅಮೆರಿಕದ ಜಾನ್ ಬೇಟ್ಸ್ ಕ್ಲಾರ್ಕ್ 1899ರಲ್ಲಿ ವಾದಿಸಿದ್ದ. ನಿಮ್ಮ ಲೈನಿಗೆ ಅದನ್ನು ಹಚ್ಚಿ ನೋಡಿ. ಯಾರು ಹೋದರೂ 18 ಹೋಗುತ್ತದೆ, ಆದ್ದರಿಂದ ಐವರೂ ತಲಾ 18 ಕೇಳಬಹುದು. ಐದು ಹದಿನೆಂಟ್ಲ ತೊಂಬತ್ತು. ಲೈನಿನಿಂದ ಬರುವುದು 60! ಜೊತೆಯಾಗಿ ಹುಟ್ಟಿದ್ದನ್ನು ತಲಾವಾರು ಒಡೆಯಲು ಹೊರಟರೆ ಹೀಗೇ. ಹಂಚಿಕೆ ಬಟ್ಟೆಯ ಲೆಕ್ಕದಲ್ಲಿ ತೀರ್ಮಾನವಾಗುವುದಿಲ್ಲ, ಚೌಕಾಸಿಯಲ್ಲಿ ತೀರ್ಮಾನವಾಗುತ್ತದೆ.

ಸೂಪರ್‌ವೈಸರ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಬಂಡಲ್ ಎಲ್ಲಿ ಗುಡ್ಡೆ ಬಿತ್ತು, ಯಾರನ್ನು ಎಲ್ಲಿ ಕೂರಿಸಬೇಕು ಎಂದು ನೋಡುವುದು ಯಾವ ಕೂಡುದುಡಿಮೆಗೂ ಬೇಕು, ವಾದ್ಯಮೇಳಕ್ಕೆ ನಿರ್ದೇಶಕ ಬೇಕಾದ ಹಾಗೆ. ಟಾಯ್ಲೆಟ್ಟಿಗೆ ಹೋದ ನಿಮಿಷ ಎಣಿಸುವುದು ಬೇರೆಯದೇ ಕೆಲಸ. ಮಾರ್ಕ್ಸ್ ಈ ಎರಡನ್ನೂ ಬಿಡಿಸಿಯೇ ಹೇಳಿದ್ದ: ಮೊದಲನೆಯದು ಕೆಲಸದ ಸ್ವಭಾವದಿಂದ ಬರುತ್ತದೆ, ಎರಡನೆಯದು ದುಡಿಸಿಕೊಳ್ಳುವವರ ಮತ್ತು ದುಡಿಯುವವರ ಹಿತ ಬೇರೆಯಾಗಿರುವುದರಿಂದ ಬರುತ್ತದೆ. ಸಂಬಳದ ಚೀಟಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಹುದ್ದೆ.

ಪ್ರಶ್ನೆ: ಹಾಗಾದರೆ ಕೂಡಿ ದುಡಿದರೆ ಮೌಲ್ಯ ಹೆಚ್ಚಾಗುತ್ತದೆ ಎಂದಾಯಿತಲ್ಲ? ಶ್ರಮವೇ ಮೌಲ್ಯ ಎನ್ನುವವರಿಗೆ ಇದು ವಿರೋಧಾಭಾಸ ಅಲ್ಲವೇ? ಶ್ರಮದ ಗಂಟೆ ಅಷ್ಟೇ ಇದೆ!
— ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ

ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಎಡವಿದ್ದು ಇಲ್ಲೇ. ಕೂಡಿ ದುಡಿದರೆ ಸರಕು ಹೆಚ್ಚುತ್ತದೆ. ಮೌಲ್ಯ ಹೆಚ್ಚುತ್ತದೆ ಎಂದು ಮಾರ್ಕ್ಸ್ ಹೇಳಿಲ್ಲ. ಅವನ ಪ್ರಕಾರ ಸರಕಿನ ಮೌಲ್ಯ ಎಂದರೆ ಅದನ್ನು ಮಾಡಲು ಸಮಾಜದಲ್ಲಿ ಸರಾಸರಿ ಬೇಕಾಗುವ ಶ್ರಮದ ಹೊತ್ತು. ಬ್ಯಾಂಕಿನವರಾದ್ದರಿಂದ ಲೆಕ್ಕವನ್ನೇ ಹಾಕೋಣ. ಬಟ್ಟೆ, ದಾರ, ಮಿಷನ್ ಸವೆತ ಬಿಟ್ಟುಬಿಡಿ. ಒಂದು ಗಂಟೆಯ ಶ್ರಮಕ್ಕೆ 100 ರೂಪಾಯಿ ಎಂದಿಟ್ಟುಕೊಳ್ಳಿ.

ಒಬ್ಬೊಬ್ಬರೇ ಹೊಲಿದರೆ ಷರ್ಟಿಗೆ 2 ಗಂಟೆ. ಹತ್ತು ಜನ, ದಿನಕ್ಕೆ 80 ಗಂಟೆ, 40 ಷರ್ಟು, ಒಂದಕ್ಕೆ 200 ರೂ., ಒಟ್ಟು 8,000. ದಿನಗೂಲಿ ತಲಾ 400, ಅಂದರೆ 4,000. ಮಾಲೀಕನಿಗೆ 4,000.

ಒಬ್ಬ ಮಾಲೀಕ ಈ ಹತ್ತು ಜನರನ್ನು ಲೈನಿಗೆ ಕೂರಿಸಿದ. ಅದೇ 80 ಗಂಟೆಗೆ 80 ಷರ್ಟು. ಪೇಟೆಯಲ್ಲಿ ಉಳಿದವರೆಲ್ಲ ಇನ್ನೂ 200ಕ್ಕೆ ಮಾರುತ್ತಿದ್ದಾರೆ. ಇವನು 150ಕ್ಕೆ ಮಾರಿದರೂ 12,000 ಬಂತು, ಕೂಲಿ ಕಳೆದು 8,000. ಇದು ಮೊದಲು ಓಡಿದವನ ಲಾಭ. ತಡವಾಗಿ ಬಂದವರಿಗೆ ಸಿಗುವುದಿಲ್ಲ, ಹೆಚ್ಚು ದಿನ ಉಳಿಯುವುದೂ ಇಲ್ಲ. ಎಲ್ಲರೂ ಲೈನ್ ಹಾಕಿದ ಮೇಲೆ ಷರ್ಟಿಗೆ ಸಮಾಜದಲ್ಲಿ ಬೇಕಾಗುವ ಸರಾಸರಿ ಶ್ರಮವೇ 1 ಗಂಟೆ, ಬೆಲೆ 100. ಎಂಬತ್ತು ಷರ್ಟು, 8,000. ತಿರುಗಿ ಮೊದಲಿನ ಜಾಗಕ್ಕೆ ಬಂದೆವು. ಷರ್ಟು ಎರಡರಷ್ಟಾದವು, ಒಟ್ಟು ಮೌಲ್ಯ ಅಷ್ಟೇ, ಒಂದೊಂದರ ಮೌಲ್ಯ ಅರ್ಧ. ವಿರೋಧಾಭಾಸ ಇಲ್ಲ.

ಹಾಗಾದರೆ ಮಾಲೀಕರಿಗೆ ಒಟ್ಟಾರೆ ಏನು ಸಿಕ್ಕಿತು? ಷರ್ಟಿನಂತೆಯೇ ಅಕ್ಕಿ, ಎಣ್ಣೆ, ಬಸ್ಸಿನ ಚಾರ್ಜು, ಕೆಲಸಗಾರರು ಕೊಳ್ಳುವ ಸರಕೆಲ್ಲ ಅಗ್ಗವಾಯಿತು ಎನ್ನಿ. ಮೊದಲು 400ಕ್ಕೆ ನಡೆಯುತ್ತಿದ್ದ ಜೀವನ 300ಕ್ಕೆ ನಡೆಯುತ್ತದೆ. ಕೂಲಿ ಆ ಮಟ್ಟಕ್ಕೆ ಇಳಿದರೆ, ಅಥವಾ ಬೆಲೆಯೇರಿಕೆಯ ಹಿಂದೆ ತೆವಳುತ್ತಾ ಅಲ್ಲಿಗೆ ಬಂದರೆ, 8,000ದಲ್ಲಿ ಕೂಲಿ 3,000, ಮಿಕ್ಕಿದ್ದು 5,000. ದಿನ ಉದ್ದವಾಗಲಿಲ್ಲ. ಕೆಲಸಗಾರರು ತಮಗಾಗಿ ದುಡಿಯುವ ಹೊತ್ತು 4 ಗಂಟೆಯಿಂದ 3ಕ್ಕೆ ಇಳಿಯಿತು. ಇದಕ್ಕೆ ‘ಸಾಪೇಕ್ಷ ಹೆಚ್ಚುವರಿ ಮೌಲ್ಯ’ ಎಂದು ಹೆಸರು. ಕೂಲಿ ಹೀಗೆ ಇಳಿದೇ ತೀರುತ್ತದೆ ಎಂಬ ನಿಯಮವಿಲ್ಲ. ಸಂಘಟನೆ ಗಟ್ಟಿಯಿದ್ದರೆ ಅದೇ 400 ಇಟ್ಟುಕೊಂಡು ಹೆಚ್ಚು ಸರಕು ಕೊಳ್ಳಬಹುದು. ಕೂಡುದುಡಿಮೆಯ ಫಲ ಕೂಲಿಯವರಿಗೆ ತಲುಪಿದ ಕಡೆಯೆಲ್ಲ ತಲುಪಿದ್ದು ಈ ಬಾಗಿಲಿನಿಂದ.

ಪ್ರಶ್ನೆ: ನಮ್ಮ ಕಡೆ ನಾಟಿಗೆ ಮುಯ್ಯಾಳು ಹೋಗುತ್ತಿದ್ದರು, ಇವತ್ತು ನಾವು ಅವರ ಗದ್ದೆಗೆ, ನಾಳೆ ಅವರು ನಮ್ಮ ಗದ್ದೆಗೆ. ಅಲ್ಲಿ ದುಡ್ಡೂ ಇಲ್ಲ, ಮಾಲೀಕನೂ ಇಲ್ಲ. ಬಂಡವಾಳಶಾಹಿಗೆ ಉತ್ತರ ನಮ್ಮ ಹಳ್ಳಿಯಲ್ಲೇ ಇತ್ತಲ್ಲವೇ?
— ಕೃಷಿಕ, ತೀರ್ಥಹಳ್ಳಿ

ಅರ್ಧ ಒಪ್ಪುತ್ತೇವೆ.

ಒಪ್ಪುವ ಅರ್ಧ ಇದು. ಒಂದು ಎಕರೆ ಭತ್ತದ ನಾಟಿಗೆ ಅಂದಾಜು 12ರಿಂದ 15 ಆಳು ಬೇಕು. ಒಬ್ಬರೇ 12 ದಿನ ನೆಟ್ಟರೂ, 12 ಜನ ಒಂದೇ ದಿನ ನೆಟ್ಟರೂ ಶ್ರಮ ಕಾಗದದ ಮೇಲೆ ಒಂದೇ. ಗದ್ದೆಯಲ್ಲಿ ಒಂದಲ್ಲ. ಹನ್ನೆರಡು ದಿನ ಎಳೆದರೆ ಕೊನೆಯ ಕಟ್ಟಿನ ಸಸಿ ಬಲಿತುಹೋಗಿರುತ್ತದೆ, ತೆಂಡೆ, ಅಂದರೆ ಬುಡದ ಕವಲು, ಕಡಿಮೆ ಹೊಡೆಯುತ್ತದೆ. ಹದ ಮಾಡಿದ ಕೆಸರು ಗಟ್ಟಿಯಾಗಿ ಮತ್ತೆ ಉಳಬೇಕಾಗುತ್ತದೆ. ಮೊದಲು ನೆಟ್ಟ ಮೂಲೆ ಹಣ್ಣಾದಾಗ ಕೊನೆಯ ಮೂಲೆ ಇನ್ನೂ ಹಸಿರು, ಕೊಯ್ಲಿಗೂ ಎರಡು ಸಲ ಇಳಿಯಬೇಕು. ಕೆಲವು ಕೆಲಸಗಳಿಗೆ ಒಂದು ತಪ್ಪಿಸಲಾಗದ ಹೊತ್ತಿರುತ್ತದೆ, ಆ ಹೊತ್ತಿಗೆ ಎಷ್ಟು ಕೈ ಒಟ್ಟಿಗೆ ಬಿದ್ದವು ಎಂಬುದೇ ಫಲ ತೀರ್ಮಾನಿಸುತ್ತದೆ. ಮಾರ್ಕ್ಸ್ ಇದಕ್ಕೆ ಕುರಿಯ ಉಣ್ಣೆ ಕತ್ತರಿಸುವುದು, ಪೈರಿನ ಕೊಯ್ಲು, ಹೆರಿಂಗ್ ಮೀನು ಹಿಡಿಯುವುದನ್ನು ಉದಾಹರಿಸಿದ. ನಾಟಿ ನೋಡಿದ್ದರೆ ಅದನ್ನೂ ಸೇರಿಸುತ್ತಿದ್ದನೇನೋ.

ಮುಯ್ಯಿಯ ಲೆಕ್ಕ ಆಳಿಗೆ ಆಳು, ದಿನಕ್ಕೆ ದಿನ. ನನ್ನ ಗದ್ದೆಯಲ್ಲಿ ನೀವು ಎಷ್ಟು ಸಾಲು ನೆಟ್ಟಿರಿ ಎಂದು ಅಳೆಯುವುದಿಲ್ಲ. ನಿಧಾನದ ಅಜ್ಜಿಯ ದಿನವೂ ದಿನವೇ. ಸೇರಿದ್ದರಿಂದ ಬಂದ ಹೆಚ್ಚಳ ಸರದಿಯಂತೆ ಎಲ್ಲರ ಗದ್ದೆಗೂ ಇಳಿಯುತ್ತದೆ. ಬೇರೆ ಬೇರೆ ಶ್ರಮವನ್ನೆಲ್ಲ ಪೇಟೆ ಒಂದೇ ತಕ್ಕಡಿಗೆ ಹಾಕಿ ತೂಗುತ್ತದಲ್ಲ, ಆ ತಕ್ಕಡಿ ಇಲ್ಲಿಲ್ಲ. ಹಾಗಾಗಿ ಮಾರ್ಕ್ಸನ ಅರ್ಥದ ‘ಮೌಲ್ಯ’ವೂ ಇಲ್ಲ. ಉಪಯೋಗ ಇದೆ, ಋಣ ಇದೆ.

ಒಪ್ಪದ ಅರ್ಧ ಹೇಳದಿದ್ದರೆ ತಪ್ಪಾಗುತ್ತದೆ. ಮುಯ್ಯಿ ನಡೆಯುವುದು ಹಿಡುವಳಿ ಹೆಚ್ಚುಕಡಿಮೆ ಸಮ ಇರುವವರ ನಡುವೆ. ನಿಮ್ಮದು ಮೂರು ಎಕರೆ, ಪಕ್ಕದವರದ್ದು ಅರ್ಧ ಎಕರೆ ಎಂದರೆ ಎಕರೆಗೆ 12ರಂತೆ ನಿಮಗೆ 36 ಆಳು ಬೇಕು, ಅವರಿಗೆ 6 ಸಾಕು. ಮಿಕ್ಕ ದಿನಗಳಿಗೆ ಭತ್ತ ಅಳೆಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಅಲ್ಲಿಗೆ ಕೂಲಿ ಶುರು. ಇನ್ನು ಭೂಮಿಯೇ ಇಲ್ಲದವರಿಗೆ ಮುಯ್ಯಿ ತೀರಿಸಿಕೊಳ್ಳಲು ಗದ್ದೆ ಎಲ್ಲಿಂದ ಬರಬೇಕು? ಅವರು ಅದೇ ಊರಿನಲ್ಲಿ ಆಳಾಗಿ, ಎಷ್ಟೋ ಕಡೆ ಜೀತಕ್ಕೆ ದುಡಿದರು. ಜೀತವನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದದ್ದು 1976ರಲ್ಲಿ. ಮುಯ್ಯಾಳಿನ ನೆನಪು ಯಾರದ್ದು ಎಂದು ಕೇಳಿಕೊಂಡರೆ ಸಾಕು, ನೆನಪು ಸಾಮಾನ್ಯವಾಗಿ ಗದ್ದೆ ಇದ್ದವರದ್ದು.

ಪ್ರಶ್ನೆ: ಭಾರತದ ಸಹಕಾರ ಚಳವಳಿಗೆ ನಮ್ಮ ಜಿಲ್ಲೆಯ ಕಣಗಿನಹಾಳ ತವರು. ಸಹಕಾರ ಸಂಘಗಳಿದ್ದರೆ ಈ ಹೆಚ್ಚಳ ದುಡಿದವರಿಗೇ ಸಿಕ್ಕಂತಲ್ಲವೇ? ಮಾರ್ಕ್ಸ್ ಇದಕ್ಕೆ ವಿರೋಧಿಯಾಗಿದ್ದನೇ?
— ಶಿಕ್ಷಕ, ಗದಗ

ವಿರೋಧಿಯಾಗಿರಲಿಲ್ಲ. 1864ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘದ ಸ್ಥಾಪನೆಯ ಹೊತ್ತಿನ ಭಾಷಣಪತ್ರದಲ್ಲಿ ಕಾರ್ಮಿಕರೇ ನಡೆಸುವ ಕಾರ್ಖಾನೆಗಳನ್ನು ಬಾಯ್ತುಂಬ ಹೊಗಳಿದ್ದಾನೆ: ಮಾಲೀಕವರ್ಗವಿಲ್ಲದೆಯೂ ದೊಡ್ಡ ಪ್ರಮಾಣದ ಉತ್ಪಾದನೆ ನಡೆಯುತ್ತದೆ ಎಂದು ಅವು ಮಾಡಿ ತೋರಿಸಿದವು ಎಂದು. ಆಮೇಲಿನ ಬರಹದಲ್ಲಿ ಒಂದು ಎಚ್ಚರಿಕೆಯನ್ನೂ ಸೇರಿಸಿದ. ಪೇಟೆ ಹಳೆಯದೇ ಆಗಿರುವ ತನಕ ಹಳೆಯ ದೋಷಗಳೂ ಒಳಗೆ ಬರುತ್ತವೆ, ಕೆಲಸಗಾರರು ತಮಗೆ ತಾವೇ ಬಂಡವಾಳಗಾರರಾಗುತ್ತಾರೆ.

ಎಲ್ಲ ಸಂಘವೂ ಒಂದೇ ಜಾತಿಯಲ್ಲ ಎಂಬುದನ್ನು ಮೊದಲು ಗಮನಿಸಿ. 1904ರ ಕಾಯ್ದೆಯಡಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕಣಗಿನಹಾಳದಲ್ಲಿ ಶುರುವಾದದ್ದು ಪತ್ತಿನ ಸಂಘ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಕೆಲಸ, ಹೊಲದಲ್ಲಿ ಯಾರು ಹೇಗೆ ದುಡಿಯುತ್ತಾರೆ ಎಂಬುದನ್ನು ಅದು ಮುಟ್ಟುವುದಿಲ್ಲ. ಹಾಲಿನ ಡೇರಿ ಎಂಬುದು ಹಾಲು ಮಾರುವವರ ಕೂಟ. ಕ್ಯಾನಿಗೆ ಬಿದ್ದ ಹಾಲು, ಅದರ ಕೊಬ್ಬಿನಂಶಕ್ಕೆ ದುಡ್ಡು. ಬೆಳಗಿನ ಜಾವ ಸಗಣಿ ಬಾಚಿ ಹಾಲು ಕರೆದ ಸೊಸೆಗೆ ಎಷ್ಟು, ಡೇರಿ ಪುಸ್ತಕದಲ್ಲಿ ಹೆಸರಿರುವ ಮಾವನಿಗೆ ಎಷ್ಟು ಎಂಬುದು ಅದರ ಲೆಕ್ಕದಿಂದ ಹೊರಗೆ. ದುಡಿಯುವ ಜಾಗವನ್ನೇ ದುಡಿಯುವವರು ನಡೆಸುವುದು ಮೂರನೇ ಜಾತಿ, ನಮ್ಮಲ್ಲಿ ಅಪರೂಪ. 1950ರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು 1957ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಕಾಫಿ ಹೌಸ್ ಸಂಘ ಆ ಜಾತಿಗೆ ಸೇರಿದ್ದು.

ಇಂಥವು ಎಲ್ಲಿ ಕೆಡುತ್ತವೆ? ಇಂಗ್ಲೆಂಡಿನ ರಾಚ್‌ಡೇಲ್ ನೋಡಿ. 1844ರಲ್ಲಿ 28 ಜನ ತಲಾ 1 ಪೌಂಡ್ ಹಾಕಿ ಅಂಗಡಿ ತೆರೆದರು. ಸದಸ್ಯರಿಗೆ ಒಂದೊಂದೇ ಮತ, ಲಾಭ ಕೊಂಡ ಸರಕಿನ ಪ್ರಮಾಣಕ್ಕೆ. ಅಂಗಡಿ ಬೆಳೆಯಿತು. 1854ರಲ್ಲಿ ಅವರಲ್ಲೇ ಕೆಲವರು ಹತ್ತಿ ಗಿರಣಿ ಹಾಕಿದರು, ಲಾಭದಲ್ಲಿ ದುಡಿಯುವವರಿಗೂ ಒಂದು ಪಾಲು ಎಂಬ ನಿಯಮ ಮಾಡಿದರು. ಗಿರಣಿಗೆ ದೊಡ್ಡ ಬಂಡವಾಳ ಬೇಕು, ಹೊರಗಿನವರಿಗೂ ಷೇರು ಮಾರಿದರು. ಹೊಸ ಷೇರುದಾರರಿಗೆ ನೂಲುವವರ ಪಾಲಿನಲ್ಲಿ ಏನು ಆಸಕ್ತಿ? 1862ರಲ್ಲಿ ಬಹುಮತದಿಂದ ಆ ಪಾಲನ್ನು ತೆಗೆದುಹಾಕಿದರು. ಬೋರ್ಡು ಸಹಕಾರಿ ಎಂದೇ ಇತ್ತು.

ಸ್ಪೇನಿನ ಬಾಸ್ಕ್ ಪ್ರಾಂತದ ಮೊಂಡ್ರಗಾನ್ 1956ರಿಂದ ಈ ತಪ್ಪಿಗೆ ಕಡಿವಾಣ ಹಾಕಿ ಬೆಳೆದದ್ದು: ದುಡಿಯುವವರಿಗಷ್ಟೇ ಮತ, ಮೇಲಿನ ಮತ್ತು ಕೆಳಗಿನ ಸಂಬಳದ ಅಂತರ ಶುರುವಿನಲ್ಲಿ ಮೂರು ಪಟ್ಟಿಗೆ ಮಿತಿ. ಆದರೂ ಅದರ ಮನೆಬಳಕೆ ಯಂತ್ರಗಳ ಸಂಸ್ಥೆ ಫಾಗೋರ್ ಪೈಪೋಟಿಗಾಗಿ ಹೊರದೇಶಗಳಲ್ಲಿ ಕಂಪನಿಗಳನ್ನು ಕೊಂಡು, ಅಲ್ಲಿನವರನ್ನು ಸದಸ್ಯರಾಗಿಸದೆ ಬರೀ ಕೂಲಿಗೆ ದುಡಿಸಿತು. 2013ರಲ್ಲಿ ದಿವಾಳಿಯಾಯಿತು.

ನಿಮ್ಮಲ್ಲಿ ಯಾರಾದರೂ ದುಡಿಯುವವರ ಸಂಘ ಕಟ್ಟುವ ಯೋಚನೆಯಲ್ಲಿದ್ದರೆ ಬೈಲಾ ಬರೆಯುವಾಗಲೇ ನಾಲ್ಕು ಕಡೆ ಬೇಲಿ ಹಾಕಿ. ಕೆಲಸ ಬಿಟ್ಟವರ ಷೇರನ್ನು ಮುಖಬೆಲೆಗೆ ವಾಪಸ್ ಪಡೆಯುವ ನಿಯಮ ಇರಲಿ, ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಮತವೆಲ್ಲ ನಿವೃತ್ತರ ಕೈಯಲ್ಲಿ. ಸದಸ್ಯರಲ್ಲದ ಕೂಲಿಯವರು ಇಂತಿಷ್ಟಕ್ಕಿಂತ ಹೆಚ್ಚಿರಬಾರದು, ಇಂತಿಷ್ಟು ತಿಂಗಳಾದ ಮೇಲೆ ಸದಸ್ಯತ್ವ ಕೊಡಲೇಬೇಕು ಎಂದು ಬರೆಯಿರಿ. ಲಾಭದಲ್ಲಿ ಒಂದು ಪಾಲನ್ನು ಯಾರೂ ಹಂಚಿಕೊಳ್ಳಲಾಗದ ನಿಧಿಗೆ ಹಾಕಿ, ಸಂಘ ಮುಚ್ಚಿದರೂ ಅದು ಇನ್ನೊಂದು ಸಂಘಕ್ಕೆ ಹೋಗಲಿ. ಆಗ ಮುಚ್ಚಿ ಹಂಚಿಕೊಳ್ಳುವ ಆಸೆ ಹುಟ್ಟುವುದಿಲ್ಲ. ಹೊರಗಿನ ಹಣ ಬೇಕಾದರೆ ಸಾಲವಾಗಿ ತನ್ನಿ, ಮತವಾಗಿ ತರಬೇಡಿ.

ಪ್ರಶ್ನೆ: ಅಡುಗೆ, ಮಕ್ಕಳು, ಅತ್ತೆಯ ಆರೈಕೆ. ಇದಕ್ಕೆ ‘ಮೌಲ್ಯ ಇಲ್ಲ’ ಎಂದು ಈ ಸಿದ್ಧಾಂತ ಹೇಳುತ್ತದಂತೆ. ಹಾಗಾದರೆ ಗೃಹಲಕ್ಷ್ಮಿಯ 2,000 ಏನು, ಕೂಲಿಯೇ?
— ಗೃಹಿಣಿ, ದಾವಣಗೆರೆ

‘ಮೌಲ್ಯ ಇಲ್ಲ’ ಎಂದರೆ ಬೆಲೆಬಾಳುವುದಿಲ್ಲ ಎಂದಲ್ಲ. ಪೇಟೆಯಲ್ಲಿ ಮಾರಾಟಕ್ಕೆ ಇಟ್ಟಿಲ್ಲ, ಆದ್ದರಿಂದ ಬಂಡವಾಳದ ಪುಸ್ತಕದಲ್ಲಿ ದಾಖಲಾಗುವುದಿಲ್ಲ ಎಂದರ್ಥ. ಇದು ಕೆಲಸದ ಮೇಲಿನ ತೀರ್ಪೂ ಅಲ್ಲ, ಆ ಪುಸ್ತಕದ ಮೇಲಿನ ಆರೋಪ. ಆದರೂ ಇಷ್ಟಕ್ಕೇ ನಿಲ್ಲುವುದು ಸರಿಯಲ್ಲ ಎಂದು 1972ರಲ್ಲಿ ಸ್ತ್ರೀವಾದಿಗಳಾದ ಮರಿಯಾರೋಸಾ ಡಲ್ಲಾ ಕೋಸ್ಟಾ, ಸೆಲ್ಮಾ ಜೇಮ್ಸ್ ತಕರಾರು ತೆಗೆದರು. ಮಾಲೀಕ ದಿನವೂ ಕೊಳ್ಳುವ ಸರಕು ಎಂದರೆ ಕೆಲಸಗಾರನ ದುಡಿಯುವ ಶಕ್ತಿ. ಉಂಡು, ಮಲಗಿ, ಒಗೆದ ಬಟ್ಟೆ ತೊಟ್ಟು ಆ ಶಕ್ತಿ ಮಾರನೇ ಬೆಳಗ್ಗೆ ಗೇಟಿಗೆ ಬರಬೇಕಾದರೆ ಅದನ್ನು ತಯಾರು ಮಾಡಿದವರು ಯಾರು? ಕಾರ್ಖಾನೆಯ ಕೂಡುದುಡಿಮೆಯ ಮೊದಲ ಪಾಳಿ ಅಡುಗೆಮನೆಯಲ್ಲೇ ನಡೆದಿರುತ್ತದೆ. ಇದರಿಂದ ಹುಟ್ಟಿದ್ದು ಮನೆಕೆಲಸಕ್ಕೆ ಕೂಲಿ ಕೊಡಿ ಎಂಬ ಚಳವಳಿ. ಸಿಲ್ವಿಯಾ ಫೆಡರೀಚಿ ಅದರ ಇನ್ನೊಂದು ದೊಡ್ಡ ದನಿ. ಕೂಲಿ ಕೊಟ್ಟರೆ ಹೆಂಗಸರನ್ನು ಅಡುಗೆಮನೆಗೇ ಕಟ್ಟಿಹಾಕಿದಂತಾಗುತ್ತದೆ ಎಂದು ವಾದಿಸಿದ ಸ್ತ್ರೀವಾದಿಗಳೂ ಇದ್ದಾರೆ. ಈ ಜಗಳ ಇನ್ನೂ ಮುಗಿದಿಲ್ಲ.

ಗೃಹಲಕ್ಷ್ಮಿ ಕೂಲಿಯಲ್ಲ. ಕೂಲಿ ದುಡಿದವರಿಗೆ ಸೇರುತ್ತದೆ. ಇದು ಮನೆಯ ಯಜಮಾನಿಗೆ. ಕಾರ್ಡಿನಲ್ಲಿ ಅತ್ತೆ ಯಜಮಾನಿಯಾಗಿದ್ದರೆ ಒಲೆಯ ಮುಂದೆ ನಿಂತ ಸೊಸೆಯ ಖಾತೆಗೆ ಬರುವುದಿಲ್ಲ. ಗಂಟೆಗೂ ಅದಕ್ಕೂ ಸಂಬಂಧವಿಲ್ಲ. ಸಂಬಂಧ ಕಟ್ಟಿ ನೋಡುವ ಕುತೂಹಲವಿದ್ದರೆ: ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಸರಾಸರಿ ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97. ಮುನ್ನೂರಕ್ಕೆ ಒಂದು ಕಡಿಮೆ ನಿಮಿಷವನ್ನು 30 ದಿನಕ್ಕೆ ಗುಣಿಸಿದರೆ ಸುಮಾರು 149 ಗಂಟೆ ಆಯಿತು. ಎರಡು ಸಾವಿರವನ್ನು ಅದರಿಂದ ಭಾಗಿಸಿದರೆ ಗಂಟೆಗೆ 13 ರೂಪಾಯಿ ಚಿಲ್ಲರೆ. ಮಕ್ಕಳು, ವೃದ್ಧರ ಆರೈಕೆಯನ್ನು ಸಮೀಕ್ಷೆ ಬೇರೆಯಾಗಿ ಎಣಿಸಿದೆ, ಅದು ಇದರಲ್ಲಿ ಸೇರಿಲ್ಲ. ಹಾಗೆಂದು ಆ ಹಣ ಹಗುರವೆಂದಲ್ಲ. ಗಂಡನ ಮುಂದೆ ಕೈಚಾಚದೆ ಖರ್ಚು ಮಾಡಬಹುದಾದ ಎರಡು ಸಾವಿರ ಮನೆಯೊಳಗಿನ ಚೌಕಾಸಿಯನ್ನೇ ಬದಲಿಸಬಲ್ಲದು. ಕೂಲಿ ಎಂಬ ಹೆಸರು ಮಾತ್ರ ಅದಕ್ಕೆ ಹೊಂದುವುದಿಲ್ಲ.

ಪ್ರಶ್ನೆ: ನಾವು ಆನ್‌ಲೈನ್‌ನಲ್ಲಿ ಬಿಟ್ಟಿ ಮಾಡುವ ಕ್ಲಿಕ್ಕು, ರಿವ್ಯೂಗಳೂ ಕೂಡುದುಡಿಮೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಕೆಲವಂತೂ ಹೌದು. ಹಿಂದೆ ವೆಬ್‌ಸೈಟುಗಳು ‘ನೀವು ಮನುಷ್ಯರೇ?’ ಎಂದು ಕೇಳಿ ಸೊಟ್ಟ ಅಕ್ಷರದ ಎರಡು ಪದ ತೋರಿಸುತ್ತಿದ್ದುದು ನೆನಪಿದೆಯೇ? ಆ ರೀಕ್ಯಾಪ್ಚಾದಲ್ಲಿ ಒಂದು ಪದ ಯಂತ್ರಕ್ಕೆ ಮೊದಲೇ ಗೊತ್ತಿದ್ದದ್ದು, ನಿಮ್ಮ ಪರೀಕ್ಷೆಗೆ. ಇನ್ನೊಂದು ಹಳೆಯ ಪುಸ್ತಕ, ಪತ್ರಿಕೆಗಳ ಸ್ಕ್ಯಾನಿನಲ್ಲಿ ಯಂತ್ರ ಓದಲಾರದೆ ಬಿಟ್ಟದ್ದು. ಹಲವರ ಉತ್ತರ ಒಂದೇ ಆದಾಗ ಅದನ್ನು ಸರಿ ಎಂದು ಬರೆದುಕೊಳ್ಳುತ್ತಿದ್ದರು. ಗೂಗಲ್ 2009ರಲ್ಲಿ ಆ ಸಂಸ್ಥೆಯನ್ನು ಕೊಂಡಿತು. ಒಬ್ಬೊಬ್ಬರದ್ದು ಹತ್ತು ಸೆಕೆಂಡ್. ಕೂಡಿದಾಗ ಇಡೀ ಗ್ರಂಥಾಲಯ.

ಇಲ್ಲಿಂದ ಮುಂದೆ ಟೀಕಾಕಾರರೇ ಎರಡಾಗುತ್ತಾರೆ. ಇಟಲಿಯ ಆಂಟೋನಿಯೊ ನೆಗ್ರಿಯಂಥವರಿಗೆ ಈಗ ಇಡೀ ಸಮಾಜವೇ ಕಾರ್ಖಾನೆ, ಮಾತು, ಸಂಬಂಧ, ತಿಳಿವಳಿಕೆ ಎಲ್ಲವೂ ಮೌಲ್ಯ ಹುಟ್ಟಿಸುತ್ತವೆ. ಇನ್ನೊಂದು ಗುಂಪು ಇದು ಮೌಲ್ಯವಲ್ಲ, ಬಾಡಿಗೆ ಎನ್ನುತ್ತದೆ: ಸಂತೆ ಮೈದಾನಕ್ಕೆ ಬೇಲಿ ಹಾಕಿದವನು ಸುಂಕ ವಸೂಲಿ ಮಾಡಿದಂತೆ. ನಮಗೆ ಎರಡನೆಯದೇ ಹತ್ತಿರ. ಎಲ್ಲವೂ ಶ್ರಮ ಎಂದುಬಿಟ್ಟರೆ ಊಟದ ಫೋಟೊ ಹಾಕಿದವರನ್ನೂ ಆ ಊಟವನ್ನು ಮಳೆಯಲ್ಲಿ ನೆನೆದು ತಂದುಕೊಟ್ಟ ಹುಡುಗನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಂತಾಗುತ್ತದೆ. ಆ ಹುಡುಗನದ್ದು ಸಂಶಯವಿಲ್ಲದ ದುಡಿಮೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಅವನಿಗೆ ಕೊಡುವ ಹಣದ ಶೇ. 1ರಿಂದ 5ರಷ್ಟನ್ನು ಕಂಪನಿಯಿಂದ ಕಲ್ಯಾಣ ಶುಲ್ಕವಾಗಿ ಪಡೆಯುತ್ತದೆ. ಯಾವ ಆರ್ಡರ್ ಯಾರಿಗೆ ಎಂದು ತೀರ್ಮಾನಿಸುವ ಆ್ಯಪ್, ಅಂದರೆ ಈ ಕೂಡುದುಡಿಮೆಯ ಸೂಪರ್‌ವೈಸರ್, ಕಂಪನಿಯದ್ದಾಗಿಯೇ ಉಳಿಯುತ್ತದೆ.

ಪ್ರಶ್ನೆ: ಮೂಲವನ್ನೇ ಓದಬೇಕು, ಎಲ್ಲಿಂದ ಶುರು ಮಾಡಲಿ?
— ಮಂಗಳೂರು, ಕಲಬುರಗಿ ಮತ್ತು ಇನ್ನೂ ಆರು ಊರುಗಳಿಂದ

‘ಕ್ಯಾಪಿಟಲ್’ ಮೊದಲ ಸಂಪುಟದ ಕೂಡುದುಡಿಮೆಯ ಅಧ್ಯಾಯದಿಂದ. ಇಂಗ್ಲಿಷ್ ಆವೃತ್ತಿಗಳಲ್ಲಿ ಅದು 13ನೆಯದು, ಜರ್ಮನ್ ಆವೃತ್ತಿಯಲ್ಲಿ 11ನೆಯದು. ಸಂಖ್ಯೆ ತಾಳೆಯಾಗಲಿಲ್ಲ ಎಂದು ಪುಸ್ತಕ ಬದಲಿಸಬೇಡಿ. ಚಿಕ್ಕ ಅಧ್ಯಾಯ, ಎರಡು ಸಂಜೆಗೆ ಮುಗಿಯುತ್ತದೆ. ಅದು ಹಿಡಿಸಿದರೆ ಹಿಂದಿನ 12ನೆಯದಕ್ಕೆ ಹೋಗಿ, ಧಾರವಾಡದವರ ಪ್ರಶ್ನೆಗೆ ಹಾಕಿದ ಲೆಕ್ಕದ ದಾರಿ ಅಲ್ಲಿದೆ. ಮೊದಲ ಅಧ್ಯಾಯ ಎಲ್ಲಕ್ಕಿಂತ ಕಠಿಣ. ಅಲ್ಲಿಂದಲೇ ಶುರು ಮಾಡಿದವರು ಹೆಚ್ಚಾಗಿ ಅಲ್ಲೇ ನಿಲ್ಲುತ್ತಾರೆ.